ಕತ್ತಿಲ್ಲದ ತೋಟಾ

ಗುಂಡು ಸಿಕ್ಕಿದ್ದು ಸಾರಿನಲ್ಲಿ.

ಸಿಕ್ಕಿದ್ದು ಅನ್ನುವುದಕ್ಕಿಂತ ಕಚ್ಚಿಕೊಂಡದ್ದು ಅನ್ನಬೇಕು. ಭಾನುವಾರ ಸಂಜೆ ಕ್ಯಾಪ್ಟನ್ ಲಿಬೊರಿಯೊನ ಅತ್ತೆ ಬೆನಿಲ್ದಾ ಶುಂಠಿ, ನುಗ್ಗೆಸೊಪ್ಪು ಹಾಕಿದ ಕೋಳಿಸಾರು ಉಣ್ಣುತ್ತಿದ್ದಾಗ ಎದೆಯ ತುಂಡಿನೊಳಗೆ ಏನೋ ಕಟಕ್ಕೆಂದಿತು. ಹಲ್ಲೊಂದು ಹೋಯಿತು, ಗುಂಡೊಂದು ಬಂತು. ಎರಡನ್ನೂ ಒಂದೇ ಸಾಸರಿನಲ್ಲಿಟ್ಟು ಬುಧವಾರ ಬೆಳಿಗ್ಗೆ ನನ್ನ ಮುಂದೆ ತಳ್ಳಿದರು.

"ಗುಂಡು ಬೇಕಾದ್ರೆ ತಗೊಂಡ್ಹೋಗು ವೀಸಿಂಗ್. ಹಲ್ಲು ಇಲ್ಲೇ ಬಿಟ್ಟೋಗು, ಡಾಕ್ಟರು ಮತ್ತೆ ಕೂರಿಸ್ತೀನಿ ಅಂದಿದಾರೆ," ಎಂದರು ಬೆನಿಲ್ದಾ.

ನಾನು ವಿಸಿತಾಸ್ಯೋನ್ ಲಾಪಿನಿದ್, ಊರಿನವರ ಬಾಯಲ್ಲಿ ವೀಸಿಂಗ್. ಸೆಬು ನಗರದ ಪೊಲೀಸ್ ಪ್ರಯೋಗಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಗುಂಡಿನ ಮೈಮೇಲಿನ ಗೀರು ಎಣಿಸಿ ಸಂಬಳ ತಿಂದವಳು. ನಿವೃತ್ತಿಯಾಗಿ ದನಾವ್ ಊರಿಗೆ ಬಂದು ಎರಡು ವರ್ಷವಾಯಿತು. ಹೆಣದಿಂದ ತೆಗೆದ ಗುಂಡು ಸಾವಿರಾರು ನೋಡಿದ್ದೇನೆ, ಸಾರಿನಿಂದ ತೆಗೆದದ್ದು ಇದೇ ಮೊದಲು. ಸತ್ತವನನ್ನು ಬೇಯಿಸಿ, ತಿಂದು, ಮೂಳೆಯನ್ನು ನಾಯಿಗೆ ಹಾಕಿ, ಮೂರು ದಿನ ಬಿಟ್ಟು ತನಿಖೆಗೆ ಕರೆದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ಸತ್ತದ್ದು ಜನರಲ್. ಕ್ಯಾಪ್ಟನ್ನನ ಕಾಳಗದ ಹುಂಜ, ಏಳು ಪಂದ್ಯ ಗೆದ್ದದ್ದು. ಕ್ಯಾಪ್ಟನ್ ಅಂದರೆ ಸೈನ್ಯದವನೆಂದು ತಿಳಿಯಬೇಡಿ. ನಮ್ಮ ಬಾಗಾಕಾಯ್ ಕೇರಿಗೆ ಚುನಾವಣೆಯಲ್ಲಿ ಗೆದ್ದ ಮುಖ್ಯಸ್ಥ, ಅಷ್ಟೇ. ನನ್ನ ತಮ್ಮನ ಜತೆ ಮೂರನೇ ಕ್ಲಾಸಿನಲ್ಲಿ ಎರಡು ಸಲ ಕೂತವನು. ಭಾನುವಾರ ಅವನು ನಗರಕ್ಕೆ ಹೋಗಿದ್ದ. ಸಂಜೆ ಬಂದು ನೋಡಿದರೆ ಜನರಲ್ ಪಾತ್ರೆಯಲ್ಲಿದ್ದ. ಮಧ್ಯಾಹ್ನ ಬೇಲಿಯ ಪಕ್ಕ ಬಿದ್ದಿದ್ದ ಹುಂಜ ಹೃದಯ ನಿಂತು ಸತ್ತಿದೆಯೆಂದು ಅಡುಗೆಯವಳು ತಿಳಿದುಕೊಂಡಳಂತೆ. ಬಿಸಿಲಿಗೆ ಕೆಟ್ಟುಹೋದೀತೆಂದು ಒಲೆ ಹಚ್ಚಿದಳಂತೆ.

"ನೀನೂ ಉಂಡೆಯಾ?" ಎಂದು ಕೇಳಿದೆ.

ಲಿಬೊರಿಯೊ ನೆಲ ನೋಡಿದ. "ಹೊಟ್ಟೆ ಹಸಿದಿತ್ತು ಮನಾಂಗ್. ಯಾವ ಕೋಳಿ ಅಂತ ಗೊತ್ತಿರ್ಲಿಲ್ಲ." ನಮ್ಮ ಕಡೆ ಅಕ್ಕನಂಥವರಿಗೆ ಮನಾಂಗ್, ಅಣ್ಣನಂಥವರಿಗೆ ಮನೋಂಗ್ ಅನ್ನುತ್ತಾರೆ.

ಅವನ ಹೆಂಡತಿ ಆರ್ಸೆನ್ಯಾ ಬೆನ್ನು ತಿರುಗಿಸಿ ಕಾಫಿ ಸೋಸುತ್ತಿದ್ದಳು. ಭುಜ ಸಣ್ಣಗೆ ಕುಲುಕುತ್ತಿತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಹಿಂದಿನಿಂದ ತಿಳಿಯಲಿಲ್ಲ.

ನಗು ಬರುವ ವಿಷಯವೇ, ಆದರೆ ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಯಾಕೆಂದರೆ ಲಿಬೊರಿಯೊ ಬೆರಳು ತೋರಿಸುತ್ತಿದ್ದದ್ದು ಬಂದೂಕು ಕಮ್ಮಾರ ಮನೋಂಗ್ ಕಾಸಿಯಾನೊ ಅವರ ಕಡೆಗೆ. ಅವತ್ತೇ ಸಂಜೆ ಐದು ಗಂಟೆಗೆ ನಗರದಿಂದ ಪೊಲೀಸರು ಬಂದು ಅವರ ಲೈಸೆನ್ಸ್ ಕಿತ್ತುಕೊಂಡು ಹೋಗುವುದೆಂದು ತೀರ್ಮಾನವಾಗಿತ್ತು. ತಾತನೂ ಅಪ್ಪನೂ ಗುಡ್ಡದ ಮರೆಯಲ್ಲಿ ಕದ್ದುಮುಚ್ಚಿ ಪಿಸ್ತೂಲು ಮಾಡಿ ಪೊಲೀಸರನ್ನು ಕಂಡರೆ ಓಡುತ್ತಿದ್ದ ಮನೆತನ ಅದು. ಲೈಸೆನ್ಸ್ ಎಂಬ ಕಾಗದವನ್ನು ಮೊದಲು ಕಂಡವರು ಕಾಸಿಯಾನೊ. ಅದಕ್ಕೆ ಗಾಜಿನ ಚೌಕಟ್ಟು ಹಾಕಿಸಿ ಯೇಸುವಿನ ಪಟದ ಪಕ್ಕ ತೂಗುಹಾಕಿದ್ದರು. ಅರವತ್ತಾರನೇ ವಯಸ್ಸಿನಲ್ಲಿ ಅದು ಹೋದರೆ ಅವರು ಏನು ಮಾಡಬೇಕು? ಕೀಲಿಕೈ ಉಜ್ಜಬೇಕೇ?

ಲಿಬೊರಿಯೊನ ವಾದ ಇಷ್ಟು. ಅವನ ಹಿತ್ತಿಲಿಗೂ ನಮ್ಮ ಶೂಟಿಂಗ್ ಕ್ಲಬ್ಬಿಗೂ ನಡುವೆ ಒಂದು ಮಣ್ಣಿನ ದಿಣ್ಣೆ ಅಡ್ಡ. ಭಾನುವಾರ ಕ್ಲಬ್ಬಿಗೆ ರಜೆ, ಬೀಗದಕೈ ಇರುವುದು ಕಾಸಿಯಾನೊ ಮನೆಯ ಮೊಳೆಯಲ್ಲಿ. ಗುಂಡು ಕ್ಲಬ್ಬಿನವರು ಈಚೆಗೆ ಬಳಸುವ ಹೊಸ ನಮೂನೆಯ ಸಣ್ಣ ತೋಟಾದ್ದು. ಖಾಲಿ ಚಿಪ್ಪು ಬಿದ್ದಿದ್ದು ಕಾಸಿಯಾನೊ ಯಾವಾಗಲೂ ನಿಲ್ಲುವ ಮೂರನೇ ಸಾಲಿನಲ್ಲಿ. ಎಲ್ಲಕ್ಕಿಂತ ಹೆಚ್ಚಾಗಿ, ಗುರಿ ಹಿಡಿದು ಕುದುರೆ ಎಳೆಯುವ ಹೊತ್ತಿಗೆ ಸರಿಯಾಗಿ ಕೂಗುವ ಆ ಹುಂಜವನ್ನು ಒಂದು ದಿನ ಸಾರು ಮಾಡುತ್ತೇನೆಂದು ಕಾಸಿಯಾನೊ ಇಪ್ಪತ್ತು ಜನರ ಮುಂದೆ ಹೇಳಿದ್ದರು.

ಹೇಳಿದ್ದು ನಿಜ. ಆ ಇಪ್ಪತ್ತು ಜನರಲ್ಲಿ ನಾನೂ ಒಬ್ಬಳು, ಚಪ್ಪಾಳೆಯನ್ನೂ ತಟ್ಟಿದ್ದೆ.

ಚೀಲದಿಂದ ಭೂತಗನ್ನಡಿ ತೆಗೆದು ಗುಂಡು ನೋಡಿದೆ. ಹೆಸರುಕಾಳಿಗಿಂತ ತುಸು ದಪ್ಪ. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಗೆರೆ ಕೊರೆದಿರುತ್ತಾರೆ. ಒಳಗಿಂದ ಬರುವ ಗುಂಡನ್ನು ಅದು ಬಿಗಿಯಾಗಿ ಹಿಡಿದು ತಿರುಗಿಸಿ ಕಳಿಸುತ್ತದೆ, ಹಿಡಿದ ಗುರುತು ಗುಂಡಿನ ಮೇಲೆ ಉಳಿದೇ ಉಳಿಯುತ್ತದೆ. ಈ ಗುಂಡಿನ ಮೈಮೇಲೆ ಒಂದು ಗೆರೆಯೂ ಇರಲಿಲ್ಲ. ಮತ್ತೊಮ್ಮೆ ತಿರುಗಿಸಿ ನೋಡಿದೆ. ಬೆನಿಲ್ದಾರ ಹಲ್ಲಿನ ಗುರುತು ಬಿಟ್ಟರೆ ಏನೂ ಇಲ್ಲ.

"ಚಿಪ್ಪು ಎಲ್ಲಿ?" ಎಂದೆ.

ಲಿಬೊರಿಯೊ ಕರವಸ್ತ್ರದ ಗಂಟು ಬಿಚ್ಚಿದ. ಚಿಪ್ಪು ನೋಡಿದ್ದೇ ನನ್ನ ಕಿವಿ ಬಿಸಿಯಾಯಿತು. ಮುಖದಲ್ಲಿ ಏನೂ ತೋರಿಸದೆ ಚೀಲಕ್ಕೆ ಹಾಕಿಕೊಂಡು ಎದ್ದೆ. ಗೊತ್ತಾದದ್ದನ್ನು ಇನ್ನೊಬ್ಬರ ಅಡುಗೆಮನೆಯಲ್ಲಿ ಹೇಳಬಾರದು ಎಂಬುದನ್ನು ನೌಕರಿ ಕಲಿಸಿದೆ.

ನನಗೆ ಗೊತ್ತಾದದ್ದು ಇದು. ಆ ಸಣ್ಣ ತೋಟಾ ಸೀಸೆಯ ಆಕಾರದ್ದು. ಹೊಟ್ಟೆ ದಪ್ಪ, ಭುಜ ಇಳಿಜಾರು, ಕತ್ತು ಸಪೂರ, ಕತ್ತಿನ ತುದಿಯಲ್ಲಿ ಪುಟ್ಟ ಗುಂಡು. ಹೊಟ್ಟೆ ತುಂಬ ಮದ್ದು, ಬಾಯಿ ಮಾತ್ರ ಕಿರಿದು, ಹಾಗಾಗಿ ಗುಂಡು ಹೋಗುವ ವೇಗಕ್ಕೆ ಲೆಕ್ಕವಿಲ್ಲ. ಹೊಡೆದ ಮೇಲೂ ಚಿಪ್ಪಿಗೆ ಆ ಕತ್ತು ಇದ್ದೇ ಇರುತ್ತದೆ. ನನ್ನ ಚೀಲದಲ್ಲಿದ್ದ ಚಿಪ್ಪಿಗೆ ಕತ್ತೇ ಇರಲಿಲ್ಲ. ಬುಡದಿಂದ ಬಾಯಿಯವರೆಗೂ ಕೊಳವೆಯಂತೆ ನೆಟ್ಟಗಿತ್ತು.

ಅಂದರೆ ಸಣ್ಣ ತೋಟಾವನ್ನು ದೊಡ್ಡ ನಳಿಗೆಯಲ್ಲಿ ಹೊಡೆದಿದ್ದಾರೆ. ಮದ್ದಿನ ಒತ್ತಡಕ್ಕೆ ಕತ್ತು ಅಗಲವಾಗಿ ಗೋಡೆಗೆ ಅಂಟಿದೆ. ಪುಟ್ಟ ಗುಂಡು ಅಗಲದ ನಳಿಗೆಯೊಳಗೆ ಯಾವುದನ್ನೂ ಮುಟ್ಟದೆ ಲೊಳಲೊಳ ಹೊರಬಂದಿದೆ, ಅದಕ್ಕೇ ಗೆರೆಯಿಲ್ಲ. ಹೀಗೆ ಬಂದ ಗುಂಡು ಎಲ್ಲಿಗೆ ಹೋಗುತ್ತದೆಂದು ದೇವರಿಗೂ ಗೊತ್ತಿರುವುದಿಲ್ಲ. ದಿಣ್ಣೆ ಹಾರಿ ಎಪ್ಪತ್ತು ಹೆಜ್ಜೆ ಆಚೆಯ ಹುಂಜಕ್ಕೆ ಬಡಿದಿದೆ. ಗುರಿಯಿಟ್ಟು ಹೊಡೆದಿದ್ದರೆ ಜನರಲ್ ಇವತ್ತಿಗೂ ಕೂಗುತ್ತಿದ್ದ.

ಈ ತಪ್ಪು ಎಲ್ಲರಿಂದಲೂ ಆಗುವಂಥದ್ದಲ್ಲ. ಈ ಸಣ್ಣ ತೋಟಾ ಹೊಡೆಯಲೆಂದು ಅಂಗಡಿಯಲ್ಲಿ ಮಾರುವ ಪಿಸ್ತೂಲಿನ ಪೆಟ್ಟಿಗೆಯಲ್ಲಿ ಎರಡು ನಳಿಗೆ ಬರುತ್ತವೆ. ಒಂದು ಸಣ್ಣ ತೋಟಾಗೆ, ಇನ್ನೊಂದು ಮಾಮೂಲಿ ಒಂಬತ್ತು ಮಿಲಿಮೀಟರಿನದಕ್ಕೆ. ಅರ್ಧ ನಿಮಿಷದಲ್ಲಿ ಬದಲಾಯಿಸಬಹುದು. ಬದಲಾಯಿಸಲು ಮರೆಯಲೂಬಹುದು. ಕಾಸಿಯಾನೊ ತಮ್ಮ ಪಿಸ್ತೂಲನ್ನು ತಾವೇ ಮಾಡಿಕೊಂಡವರು, ಅದಕ್ಕೆ ಇರುವುದು ಒಂದೇ ನಳಿಗೆ. ಅದರಲ್ಲಿ ಈ ತಪ್ಪು ಮಾಡಬೇಕೆಂದರೂ ಆಗುವುದಿಲ್ಲ. ನಡೆಯುತ್ತಾ ನಾನು ಶಿಳ್ಳೆ ಹಾಕಿದೆನಂತೆ, ಅಂಗಡಿಯವಳು ಆಮೇಲೆ ಹೇಳಿದಳು.

ಕ್ಲಬ್ಬಿನಲ್ಲಿ ಎರಡು ನಳಿಗೆಯ ಪಿಸ್ತೂಲು ಇರುವುದು ಇಬ್ಬರ ಹತ್ತಿರ. ಬೇಕರಿಯ ನೀವೆಸ್, ಮತ್ತು ಹಲ್ಲಿನ ಡಾಕ್ಟರ್ ಎಮೆತೇರಿಯೊ.

ನೀವೆಸ್ ಬೆಳಗಿನ ಬ್ರೆಡ್ಡು ಮುಗಿಸಿ ಕ್ಲಬ್ಬಿನ ಬಿದಿರು ಚಪ್ಪರದ ಕೆಳಗೆ ಅಭ್ಯಾಸ ಮಾಡುತ್ತಿದ್ದಳು. ದಪ್ಪ ತೋಳು, ದೊಡ್ಡ ಬಾಯಿ, ಹಿಟ್ಟು ಮೆತ್ತಿದ ಹುಬ್ಬು. ಅವಳು ಕುದುರೆ ಎಳೆದಾಗ ಚಪ್ಪರದ ಮೇಲಿನ ಗುಬ್ಬಿಗಳೆಲ್ಲ ಎದ್ದು ಹೋದವು. ನಳಿಗೆಯ ಬಾಯಲ್ಲಿ ಹಾಡುಹಗಲಲ್ಲೂ ಕಾಣುವಂಥ ಬೆಂಕಿಯ ಉಂಡೆ. ಐವತ್ತು ಹೆಜ್ಜೆ ದೂರದ ಉಕ್ಕಿನ ತಟ್ಟೆ ಟಣ್ಣೆಂದದ್ದು ಕಿವಿಗೆ ಬೀಳುವಷ್ಟರಲ್ಲಿ ಮುಂದಿನದನ್ನು ಹೊಡೆದಿದ್ದಳು. ಕೈ ಕೂದಲೆಳೆಯಷ್ಟೂ ಮೇಲೆ ಹಾರಲಿಲ್ಲ.

ಅದಕ್ಕೇ ಊರಿನವರು ಈ ತೋಟಾಗೆ ಸೂಜಿಮೆಣಸು ಎಂದು ಹೆಸರಿಟ್ಟಿದ್ದಾರೆ.

"ಮೊದಲ್ನೇ ಸಲ ಹೊಡ್ದಾಗ ಒಲೆ ಬಾಗ್ಲು ತೆಗ್ದಂಗಾಯ್ತು ಮನಾಂಗ್," ಎಂದಳು ನೀವೆಸ್. "ಬೆಂಕಿ ಕಂಡೆ, ಸದ್ದು ಕೇಳ್ದೆ, ಕೈ ನೋಡಿದ್ರೆ ಇಟ್ಟಲ್ಲೇ ಇದೆ. ನಾನೇ ಹೊಡ್ದಿದ್ದಾ ಅಂತ ಪಕ್ಕದೋರನ್ನ ಕೇಳ್ದೆ. ಈಗ ಬೇರೆ ತೋಟಾ ಹೊಡೆಯೋಕೆ ಮನಸ್ಸೇ ಬರಲ್ಲ. ಉಪ್ಪಿಲ್ದಿರೋ ಗಂಜಿ ಕುಡ್ದಂಗಾಗುತ್ತೆ."

ಹೇಳುತ್ತಲೇ ಅವಳು ಮಂಡಿಯೂರಿ ಚಿಪ್ಪು ಹುಡುಕತೊಡಗಿದಳು. ಸೂಜಿಮೆಣಸಿನವರೆಲ್ಲ ಹೀಗೇ. ಹೊಡೆಯುವುದು ಹತ್ತು ನಿಮಿಷ, ಹುಲ್ಲಿನಲ್ಲಿ ತೆವಳುವುದು ಅರ್ಧ ಗಂಟೆ. ಈ ಹಿತ್ತಾಳೆ ಅಂಗಡಿಯಲ್ಲಿ ಸಲೀಸಾಗಿ ಸಿಗುವುದಿಲ್ಲ. ಮತ್ತೆ ಮದ್ದು ತುಂಬಿ ಬಳಸಬೇಕು, ಐದಾರು ಸಲಕ್ಕೆ ಕತ್ತು ಸೀಳಿ ಕೈಕೊಡುತ್ತದೆ. ಹಾಗಾಗಿ ಒಂದು ಚಿಪ್ಪಿಗೂ ಜಗಳ. ಜಗಳ ತಪ್ಪಿಸಲು ಬುಡಕ್ಕೆ ಉಗುರುಬಣ್ಣ ಹಚ್ಚುತ್ತಾರೆ. ನೀವೆಸಳದು ಕೆಂಪು, ಡಾಕ್ಟರದು ಹಸಿರು, ಕಾಸಿಯಾನೊ ಅವರದು ಬಿಳಿ.

ನನ್ನ ಚೀಲದ ಚಿಪ್ಪಿಗೆ ಬಣ್ಣವೇ ಇರಲಿಲ್ಲ. ಅದರ ಬುಡದಲ್ಲಿ, ತೋಟಾ ಸಿಡಿಸುವ ಪಿಸ್ತೂಲಿನ ಸೂಜಿ ಬಡಿದ ಗುಳಿಯೂ ನಡುವಿನಲ್ಲಿರದೆ ಎಡಕ್ಕೆ ಸರಿದಿತ್ತು. ಎಡವಟ್ಟು ಸೂಜಿ. ಇಂಥದ್ದು ಒಂದು ಪಿಸ್ತೂಲಿನಿಂದ ಇನ್ನೊಂದಕ್ಕೆ ಬದಲಾಗುತ್ತದೆ, ನಳಿಗೆ ಬದಲಾಯಿಸಿದರೆ ಬದಲಾಗುವುದಿಲ್ಲ. ನೀವೆಸ್ ಹೆಕ್ಕಿದ ಚಿಪ್ಪನ್ನು ಕೈಯಿಂದ ಕಸಿದು ನೋಡಿದೆ. ಗುಳಿ ಸರಿಯಾಗಿ ನಡುಮಧ್ಯೆ.

ಸರಿ, ನೀವೆಸ್ ಅಲ್ಲ. ಉಳಿದವರು ಒಬ್ಬರೇ.

ಡಾಕ್ಟರ್ ಎಮೆತೇರಿಯೊ ಯಾಕೆ ಬಂದಿಲ್ಲವೆಂದು ಕೇಳಿದೆ. ಜ್ವರವೆಂದು ಹೇಳಿಕಳಿಸಿದ್ದಾರೆಂದಳು. ಬರುವ ದಾರಿಯಲ್ಲಿ ಅವರ ದವಾಖಾನೆಯ ಕಿಟಕಿಯಿಂದ ಹಲ್ಲು ಕೊರೆಯುವ ಯಂತ್ರದ ಸದ್ದು ನಾನೇ ಕೇಳಿದ್ದೆ.

ಡಾಕ್ಟರು ನಮ್ಮ ಕ್ಲಬ್ಬಿನ ಸುರಕ್ಷತಾ ಅಧಿಕಾರಿ. ಗೋಡೆಯ ಮೇಲಿನ ಬರಹ ಅವರದೇ ಕೈಯದು: 'ನಳಿಗೆ ನೋಡು, ತೋಟಾ ನೋಡು, ಆಮೇಲೆ ಕೈ ಹಾಕು.' ಅದರ ಕೆಳಗೆ ಕಪ್ಪು ಹಲಗೆ. ಯಾರು ತಪ್ಪು ಮಾಡಿದರೂ ಅವರ ಹೆಸರನ್ನು ಡಾಕ್ಟರು ಬಿಳಿ ಬಣ್ಣದಲ್ಲಿ ದುಂಡಗೆ ಬರೆಯುತ್ತಾರೆ. ಆ ಹೆಸರಿನವರು ಊರ ಹಬ್ಬದ ಪಂದ್ಯದ ದಿನ ಎಲ್ಲರೆದುರು ನಿಂತು ತಪ್ಪೊಪ್ಪಿಕೊಂಡು, ಇಡೀ ಹಂದಿ ಸುಡಿಸಿ ಉಣ್ಣಿಸಬೇಕು. ಒಂಬತ್ತು ವರ್ಷದಲ್ಲಿ ಹಲಗೆ ತುಂಬಿದೆ. ಬಂದೂಕು ತಲೆಕೆಳಗಾಗಿ ಹಿಡಿದರೆಂದು ಪಾದ್ರಿಗಳ ಹೆಸರನ್ನೂ ಬಿಟ್ಟಿಲ್ಲ.

ದವಾಖಾನೆಯಲ್ಲಿ ಒಬ್ಬ ಮೀನುಗಾರ ಬಾಯಿ ತೆರೆದುಕೊಂಡು ಮಲಗಿದ್ದ. ಐದು ನಿಮಿಷ ಹೊರಗಿರಪ್ಪ ಎಂದೆ. ಇಷ್ಟು ಸಂತೋಷದಿಂದ ಯಾರೂ ಆ ಕುರ್ಚಿಯಿಂದ ಎದ್ದದ್ದನ್ನು ನಾನು ಕಂಡಿಲ್ಲ.

ನಾನೇ ಆ ಕುರ್ಚಿಯಲ್ಲಿ ಕೂತು, ಕತ್ತಿಲ್ಲದ ಚಿಪ್ಪನ್ನು ಅವರ ಇಕ್ಕಳದ ತಟ್ಟೆಯಲ್ಲಿಟ್ಟೆ. ಟಿಣ್ ಎಂದಿತು.

ಡಾಕ್ಟರ ಮುಖ ಅವರ ಅಂಗಿಗಿಂತ ಬೆಳ್ಳಗಾಯಿತು.

"ಇದು ಹೇಗಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾ ಡಾಕ್ಟ್ರೇ?"

ಬೇಡವೆಂಬಂತೆ ತಲೆಯಾಡಿಸಿದರು.

"ಹಾಗಾದ್ರೆ ನೀವೇ ಹೇಳಿ. ಅತ್ತ ಒಬ್ಬ ಮನುಷ್ಯ ಲೈಸೆನ್ಸ್ ಕಳ್ಕೊಳ್ತಿದಾನೆ. ನೀವು ಜ್ವರ ಅಂತ ಇಲ್ಲಿ ಅಡಗಿ ಕೂತಿದೀರಿ."

ಡಾಕ್ಟರು ಪಕ್ಕದ ಸ್ಟೂಲಿನ ಮೇಲೆ ಕುಸಿದರು. ಕೊನೆಗೆ ಹೊರಟ ಮಾತು ಇದು:

"ಹೂಕುಂಡ ಅಗೆದವರು ಯಾರು?"

ನಾನು ಬೆಪ್ಪಾದೆ. "ಯಾವ ಹೂಕುಂಡ?"

ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಬಾಯಿ ಜಾರಿದ್ದು ಅವರಿಗೂ ಆಗ ಗೊತ್ತಾಯಿತು. ಆದರೆ ಹಲ್ಲು ಕೀಳುವವರಿಗೂ ಒಂದು ನಿಯಮವಿದೆ, ಅರ್ಧ ಅಲುಗಿದ್ದನ್ನು ಬಿಟ್ಟು ಏಳಬಾರದು. ನಾನು ಕುರ್ಚಿ ಬಿಟ್ಟು ಏಳಲಿಲ್ಲ.

ಕೊನೆಗೆ ತಾವೇ ಎದ್ದು ಹೋಗಿ ಕಿಟಕಿಯ ಸೀತಾಳೆ ಹೂವಿನ ಕುಂಡದೊಳಗೆ ಬೆರಳು ತೂರಿಸಿ, ಮಣ್ಣು ಮೆತ್ತಿದ ಒಂದು ಚಿಪ್ಪು ತೆಗೆದು ನನ್ನ ಕೈಗಿಟ್ಟರು. ಅದಕ್ಕೂ ಕತ್ತಿರಲಿಲ್ಲ. ಬುಡದಲ್ಲಿ ಹಸಿರು ಬಣ್ಣ.

ಕತೆ ಹೊರಬಂತು. ಕಳೆದ ಡಿಸೆಂಬರಿನಲ್ಲಿ ಒಂದು ದಿನ ಒಬ್ಬರೇ ಅಭ್ಯಾಸಕ್ಕೆ ಹೋಗಿದ್ದರಂತೆ. ಬೆಳಿಗ್ಗೆ ಮಾಮೂಲಿ ತೋಟಾ ಹೊಡೆದು, ಊಟ ಮುಗಿಸಿ ಬಂದು ಸೂಜಿಮೆಣಸು ತುಂಬಿದ್ದಾರೆ. ನಳಿಗೆ ಬದಲಾಯಿಸಿಲ್ಲ. ಸಿಡಿಲಿನಂಥ ಸದ್ದಿನ ಬದಲು ಬುಸ್ಸೆಂದು ಹೊಗೆ ಬಂತಂತೆ. ಗುರಿಹಲಗೆಯ ಮೂಲೆಯಲ್ಲಿ ಗುಂಡು ಅಡ್ಡ ಮಲಗಿಕೊಂಡು ಹೋದ ತೂತು.

"ದೇವರಾಣೆ ಮನಾಂಗ್, ಕಾಲು ತಣ್ಣಗಾಯ್ತು. ಮೊದಲು ನಳಿಗೆ ಸೀಳಿದೆಯಾ ನೋಡ್ದೆ, ಆಮೇಲೆ ಯಾರಾದ್ರೂ ನೋಡಿದ್ರಾ ನೋಡ್ದೆ. ಯಾರೂ ಇರ್ಲಿಲ್ಲ. ಚಿಪ್ಪು ಜೇಬಿಗೆ ಹಾಕ್ಕೊಂಡು ಬಂದೆ. ಮಾರನೇ ದಿನವೇ ಪಾದ್ರಿಗಳ ಹೆಸರು ಬರೆದೆ."

"ಭಾನುವಾರ ಎಲ್ಲಿದ್ರಿ?"

ಹೆಂಡತಿಯ ಅಕ್ಕನ ಮೊಮ್ಮಗುವಿನ ನಾಮಕರಣಕ್ಕೆ ಪಕ್ಕದೂರಿಗೆ ಹೋಗಿದ್ದರಂತೆ, ನಲವತ್ತು ಜನ ಸಾಕ್ಷಿಗಳಿದ್ದಾರಂತೆ. ಸಾಕ್ಷಿ ನನಗೆ ಬೇಕಿರಲಿಲ್ಲ. ಹೂಕುಂಡದ ಚಿಪ್ಪಿನ ಮಣ್ಣು ಉಜ್ಜಿ ಭೂತಗನ್ನಡಿ ಹಿಡಿದೆ. ಸೂಜಿಯ ಗುಳಿ ನಡುಮಧ್ಯೆ. ನನ್ನ ಚಿಪ್ಪಿನದು ಎಡಕ್ಕೆ. ಜನರಲ್‌ನನ್ನು ಕೊಂದದ್ದು ಡಾಕ್ಟರ ಪಿಸ್ತೂಲಲ್ಲ.

ಇಬ್ಬರೇ ಇದ್ದರು, ಇಬ್ಬರೂ ಅಲ್ಲವೆಂದಾಯಿತು. ಅಂದರೆ ಊರಿನಲ್ಲಿ ಎರಡು ನಳಿಗೆಯ ಮೂರನೇ ಪಿಸ್ತೂಲು ಒಂದಿರಬೇಕು, ಅದು ಕ್ಲಬ್ಬಿನ ಪಟ್ಟಿಯಲ್ಲಿಲ್ಲ. ಅದರ ಒಡೆಯನಿಗೆ ಚಿಪ್ಪು ಹೆಕ್ಕುವ ಚಾಳಿಯಿಲ್ಲ. ಹೊಡೆದದ್ದು ನಮ್ಮವರಾಗಿದ್ದರೆ, ಡಾಕ್ಟರಂತೆ, ನಾಚಿಕೆಗಾದರೂ ಹೆಕ್ಕಿ ಅಡಗಿಸುತ್ತಿದ್ದರು.

ಹೋಗುವಾಗ ಡಾಕ್ಟರು ನನ್ನ ಕೈ ಹಿಡಿದುಕೊಂಡರು. ಹಲಗೆಯ ಮೇಲೆ ತಮ್ಮ ಹೆಸರು ಬರೆಯಬೇಡಿರೆಂದು ಕಣ್ಣಲ್ಲೇ ಬೇಡಿದರು.

"ನಾನು ಬರೆಯಲ್ಲ. ನೀವೇ ಬರೀತೀರಿ, ಹಬ್ಬದೊಳಗೆ," ಎಂದೆ. "ಪಾದ್ರಿಗಳಿಗಿಂತ ದೊಡ್ಡ ಅಕ್ಷರದಲ್ಲಿ. ಹಂದಿನೂ ದೊಡ್ಡದೇ ಇರ್ಲಿ."

ಅವರು ನಿಟ್ಟುಸಿರುಬಿಟ್ಟರು. ನನಗನ್ನಿಸಿತು, ಡಿಸೆಂಬರಿನಿಂದ ಇವರು ಸರಿಯಾಗಿ ಉಸಿರಾಡುತ್ತಿರುವುದು ಈಗಲೇ ಇರಬೇಕು. ಮೀನುಗಾರ ಮಾತ್ರ ಓಡಿಹೋಗಿದ್ದ.

ಹನ್ನೆರಡೂವರೆಯ ಬಿಸಿಲು. ನನಗೆ ಅದು ಗೊತ್ತೇ ಆಗಲಿಲ್ಲ. ಹೊಡೆದವರು ಯಾರೆಂಬುದು ನಿಧಾನಕ್ಕೆ ಸಿಗಲಿ, ಕಾಸಿಯಾನೊ ಅಲ್ಲವೆಂಬುದಕ್ಕೆ ನನ್ನ ಚೀಲದಲ್ಲಿ ಎರಡು ಸಾಕ್ಷಿಗಳಿದ್ದವು. ಗೆರೆಯಿಲ್ಲದ ಗುಂಡು, ಕತ್ತಿಲ್ಲದ ಚಿಪ್ಪು. ಐದು ಗಂಟೆಗೆ ಬರುವ ಪೊಲೀಸರಲ್ಲಿ ಅರ್ಧ ಜನ ನನ್ನ ಕೈಯಲ್ಲಿ ಕಲಿತವರು, ಎರಡು ಮಾತಿನಲ್ಲಿ ಒಪ್ಪುತ್ತಾರೆ. ದಾರಿಯಲ್ಲಿ ನೀವೆಸಳ ಬೇಕರಿಯಿಂದ ಬಿಸಿ ಮೊಟ್ಟೆಕೇಕು ನಾಲ್ಕು ಕಟ್ಟಿಸಿಕೊಂಡೆ.

ಕಾಸಿಯಾನೊ ಅಂಗಡಿಯ ಬಾಗಿಲು ತೆರೆದೇ ಇತ್ತು. ಒಳಗೆ ಅರದ ಸದ್ದು, ಅದರ ಜತೆ ಅವರ ಗುನುಗು.

"ಮನೋಂಗ್, ಬಿಟ್ಟಾಕಿ ಕೆಲಸ. ಬಾಯಿ ತೆಗೀರಿ, ಸಿಹಿ ತಂದಿದೀನಿ," ಎನ್ನುತ್ತಾ ಒಳಗೆ ಹೋದೆ. ನನ್ನ ಕಣ್ಣು ಗೋಡೆಗೆ ಹೋಯಿತು.

ಯೇಸುವಿನ ಪಟ ಇತ್ತು. ಪಕ್ಕದಲ್ಲಿ ಲೈಸೆನ್ಸ್ ಇರಲಿಲ್ಲ. ಚೌಕಟ್ಟು ತೂಗುತ್ತಿದ್ದ ಜಾಗದಲ್ಲಿ ಗೋಡೆ ಬೆಳ್ಳಗೆ ಕಾಣುತ್ತಿತ್ತು. ಚೌಕಟ್ಟು ಮೇಜಿನ ಮೇಲೆ ಮುಖ ಕೆಳಗೆ ಮಾಡಿ ಮಲಗಿತ್ತು, ಮೇಲೊಂದು ಕಾಗದದ ನಕಲು.

"ಕೂತ್ಕೋ ವೀಸಿಂಗ್," ಎಂದರು, 'ಮಳೆ ಬರೋ ಹಾಗಿದೆ' ಎನ್ನುವ ಧಾಟಿಯಲ್ಲಿ. "ಬೆಳಿಗ್ಗೆ ಹತ್ತಕ್ಕೆ ಲಿಬೊರಿಯೊ ಕಚೇರೀಲಿ ಬರೆದುಕೊಟ್ಟು ಬಂದೆ. ನಾನೇ ಹೊಡೆದೆ ಅಂತ."

ಕಾಗದ ಎತ್ತಿಕೊಂಡೆ. ಕಾಸಿಯಾನೊ ಅವರ ಕೈಬರಹ, ಅರದಲ್ಲಿ ಉಜ್ಜಿದಷ್ಟು ಅಚ್ಚುಕಟ್ಟು. ಭಾನುವಾರ ಮಧ್ಯಾಹ್ನ ಕ್ಲಬ್ಬಿನ ಮೂರನೇ ಸಾಲಿನಲ್ಲಿ ನಿಂತು, ತಪ್ಪು ನಳಿಗೆ ಹಾಕಿರುವುದನ್ನು ಗಮನಿಸದೆ, ಸಣ್ಣ ತೋಟಾ ಹೊಡೆದೆನು. ಗುಂಡು ದಿಣ್ಣೆ ಹಾರಿ ಹೋಯಿತು. ಇದರಲ್ಲಿ ಬೇರೆ ಯಾರ ಪಾಲೂ ಇಲ್ಲ. ಕೆಳಗೆ ಸಹಿ.

ಎರಡು ಸಲ ಓದಿದೆ. ತಪ್ಪು ನಳಿಗೆಯ ವಿಷಯ ನಾನು ಬಾಯಿಬಿಟ್ಟದ್ದು ಡಾಕ್ಟರ ಹತ್ತಿರ ಮಾತ್ರ, ಅದೂ ಹನ್ನೊಂದು ಗಂಟೆಯ ಮೇಲೆ. ಚಿಪ್ಪು ಸೋಮವಾರದಿಂದ ಲಿಬೊರಿಯೊನ ಕರವಸ್ತ್ರದಲ್ಲಿತ್ತು, ಅದನ್ನು ಓದಲು ಅವನಿಗೆ ಬರುವುದಿಲ್ಲ. ಹತ್ತು ಗಂಟೆಗೇ ಈ ಮಾತು ಬರೆಯಬೇಕೆಂದರೆ ಹೊಡೆದವರೇ ಬರೆಯಬೇಕು. ಇಲ್ಲವೇ ಹೊಡೆದವರು ಬಂದು ಹೇಳಿರಬೇಕು.

"ನಿಮ್ಮ ಪಿಸ್ತೂಲಿಗೆ ಇರೋದೇ ಒಂದು ನಳಿಗೆ," ಎಂದೆ.

"ನಿಂಗೊತ್ತು, ನಂಗೊತ್ತು. ಲಿಬೊರಿಯೊಗೆ ಗೊತ್ತಿಲ್ಲ. ಹಾಗೇ ಇರ್ಲಿ ಬಿಡು."

"ಯಾರನ್ನ ಉಳಿಸ್ತಿದೀರಿ?"

ಅವರು ಮೊಟ್ಟೆಕೇಕು ಮುರಿದು ಬಾಯಿಗಿಟ್ಟುಕೊಂಡರು, ಚೆನ್ನಾಗಿದೆಯೆಂದು ತಲೆದೂಗಿದರು. ನನಗೆ ಮೈ ಉರಿಯಿತು. ಒಂದು ಹುಂಜದ ಸಲುವಾಗಿ ಮೂವತ್ತು ವರ್ಷದ ಅಂಗಡಿ ಮುಚ್ಚುತ್ತಿರುವ ಮನುಷ್ಯ ಹೀಗೆ ಕೇಕು ತಿನ್ನಬಾರದು. ಬಯ್ಯಬೇಕೆಂದು ಬಾಯಿ ತೆರೆದಾಗ ಕಂಡದ್ದು ಮೇಜಿನ ತುದಿಯ ಹಿಡಿಕಟ್ಟು. ಅದರಲ್ಲಿ ಒಂದು ನಳಿಗೆ ಬಿಗಿದಿತ್ತು. ಒಂಬತ್ತು ಮಿಲಿಮೀಟರಿನದು. ಮೇಲಿನ ಸಂಖ್ಯೆಯನ್ನು ಅಳಿಸಲೆಂದು ಅರ ಉಜ್ಜಿದ್ದರು. ಈಗಷ್ಟೇ ಶುರುಮಾಡಿದ್ದರಿಂದ ಅಂಕಿಗಳು ಇನ್ನೂ ಓದಲು ಬರುತ್ತಿದ್ದವು.

ಆ ಸಂಖ್ಯೆ ನನಗೆ ಬಾಯಿಪಾಠ. ನೌಕರಿಯ ಕೊನೆಯ ದಿನ ನಾನು ಪರೀಕ್ಷಿಸಿ ದಾಖಲೆ ಮಾಡಿದ ಕೊನೆಯ ಪಿಸ್ತೂಲು ಅದು. ಎರಡು ನಳಿಗೆಯದು, ನಗರದ ಯಾವುದೋ ಲಾಟರಿಯಲ್ಲಿ ಬಹುಮಾನವಾಗಿ ಬಂದದ್ದು. ತಂದವನು ಪೆಟ್ಟಿಗೆಯನ್ನು ಸೀದಾ ಬೀರುವಿಗೆ ಸೇರಿಸುವುದಾಗಿ ಹೇಳಿದ್ದ. ಗುಂಡು ಹೊಡೆಯುವುದೆಂದರೆ ಅವನಿಗೆ ತಲೆನೋವು, ಹುಂಜಗಳೇ ಸಾಕಂತೆ. ಅದಕ್ಕೇ ಅದು ಬೆಳಿಗ್ಗೆಯಿಂದ ನನ್ನ ಲೆಕ್ಕಕ್ಕೇ ಬಂದಿರಲಿಲ್ಲ.

ತಂದವನು ಲಿಬೊರಿಯೊ.

ಭಾನುವಾರ ಲಿಬೊರಿಯೊ ನಗರದಲ್ಲಿದ್ದ. ಪಿಸ್ತೂಲು ಮನೆಯಲ್ಲಿತ್ತು. ಮನೆಯಲ್ಲಿದ್ದವರು ಅವನ ಹೆಂಡತಿ ಮತ್ತು ಅವನ ಅತ್ತೆ. ಅಡುಗೆಯವಳು ಆ ಹೊತ್ತಿಗೆ ಮಾರುಕಟ್ಟೆಗೆ ಹೋಗಿದ್ದಳು.

"ಮನೋಂಗ್," ಎಂದೆ.

ಕಾಸಿಯಾನೊ ಕೈಯ ಪುಡಿ ಒರೆಸಿಕೊಂಡರು. ಮುಖದಲ್ಲಿ ನಗುವಿತ್ತು. ಅರವತ್ತಾರರ ಮನುಷ್ಯನ ಕಿವಿ ಕೆಂಪಾಗಿದ್ದನ್ನು ನಾನು ಅವತ್ತೇ ನೋಡಿದ್ದು.

"ಅವಳಿಗೆ ಒಂದು ಸಲ ಮಾತು ಕೊಟ್ಟು ತಪ್ಪಿದವನು ನಾನು ವೀಸಿಂಗ್. ಸೋಮವಾರ ಬಂದು, ಈ ನಳಿಗೆ ಕೈಗಿಟ್ಟು, ಇದೇ ಸ್ಟೂಲಿನ ಮೇಲೆ ಕೂತು ಅತ್ಲು. ಯಾರಿಗೂ ಗೊತ್ತಾಗ್ದಂಗೆ ಗುಂಡು ಹೊಡೆಯೋದು ಕಲೀಬೇಕು ಅಂತ ಆಸೆ ಇತ್ತಂತೆ. ಬೀಗದಕೈ ಕೊಟ್ಟಿದ್ದು ನಾನೇ. ನಳಿಗೆ ವಿಷಯ ಹೇಳಿಕೊಡೋದು ಮರೆತೋನೂ ನಾನೇ. ಆ ಮನೇಲಿ ಅವಳಿಗೆ ಇನ್ನೊಂದು ಮಾತು ಬರ್ಬಾರದು."

"ಅವಳು ಅಂದ್ರೆ ಯಾರು? ಮಗಳಾ, ತಾಯಿನಾ?"

ಅವರು ಬಾಯಿ ತೆರೆದರು. ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು.

ಲಿಬೊರಿಯೊ ಒಳಗೆ ಬಂದ. ಬೆವರೊರೆಸಿಕೊಳ್ಳುತ್ತಾ, ಪೊಲೀಸರು ಬೇಗನೆ ಹೊರಟಿದ್ದಾರಂತೆ, ಮೂರಕ್ಕೇ ಬರುತ್ತಾರಂತೆ ಎಂದ. ಅಂಗಡಿಯ ಸಾಮಾನುಗಳ ಪಟ್ಟಿ ಮಾಡಿಡಲು ಹೇಳಿದ್ದಾರೆಂದು ಮೇಜಿನ ಬದಿಗೆ ಬಂದು ಒಂದೊಂದನ್ನೇ ನೋಡತೊಡಗಿದ. ಸುತ್ತಿಗೆ, ಅರ, ಮೊಳೆಡಬ್ಬಿ. ಕಾಸಿಯಾನೊ ಅವರ ನಗು ಹಾಗೇ ಮುಖದ ಮೇಲೆ ನಿಂತುಬಿಟ್ಟಿತ್ತು, ತೆಗೆಯಲು ಮರೆತವರಂತೆ.

ಲಿಬೊರಿಯೊ ಹಿಡಿಕಟ್ಟು ಸಡಿಲಿಸಿ ನಳಿಗೆಯನ್ನು ಕೈಗೆ ತೆಗೆದುಕೊಂಡ.

"ಇದರ ಮೇಲೆ ಏನೋ ಸಂಖ್ಯೆ ಇದೆಯಲ್ಲ. ಯಾರದ್ದು ಇದು?" ಎನ್ನುತ್ತಾ ಕನ್ನಡಕಕ್ಕಾಗಿ ಜೇಬು ತಡಕಿದ.

ಸುಳ್ಳು ಸಾಕ್ಷಿ ಹೇಳಿದವರ ಮೇಲೆ ಇಪ್ಪತ್ತೆಂಟು ವರ್ಷ ಕೂಗಾಡಿದವಳು ನಾನು. ನ್ಯಾಯಾಲಯದಲ್ಲಿ ನೂರಾರು ಸಲ ಪ್ರಮಾಣ ಮಾಡಿದ್ದೇನೆ, ಒಮ್ಮೆಯೂ ಒಂದಕ್ಷರ ತಪ್ಪಿ ಹೇಳಿಲ್ಲ. ಕಾಸಿಯಾನೊ ನನ್ನ ಕಡೆ ನೋಡಿದರು.

"ನಂದು," ಎಂದೆ.

ಲಿಬೊರಿಯೊ ಕನ್ನಡಕ ಮೂಗಿಗೇರಿಸಿ, ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೊದಲನೆಯ ಅಂಕಿಯನ್ನು ಗಟ್ಟಿಯಾಗಿ ಓದಿದ.